ಕೊಯಮತ್ತೂರಿನ ವಸ್ತು ಸಂಗ್ರಹಾಲಯಗಳು: ನೋಡಬೇಕಾದುದು, ಉಳಿಸಬೇಕಾದುದು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಸ್ತು ಸಂಗ್ರಹಾಲಯಗಳನ್ನು ನೋಡುವ ವಿಚಾರವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ಸಂಘದ ಹಿರಿಯರು ಅಪ್ಪಣೆ ಮಾಡಿರುವರು. ವಿಷಯವನ್ನು ಕೇಳಿದೊಡನೆ, ಇದು ಬಿಡುವಿದ್ದವರ ಹವ್ಯಾಸವಲ್ಲವೇ, ಪರೀಕ್ಷೆಗೆ ಓದುವ ಮಕ್ಕಳಿಗೆ ಇದರಿಂದ ಏನಾಗಬೇಕು ಎಂದು ಕೆಲವರ ಮನಸ್ಸಿನಲ್ಲಿ ಪ್ರಶ್ನೆ ಏಳಬಹುದು. ಆ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಮಾತು ಮುಗಿಯುವುದರೊಳಗೆ ಅದಕ್ಕೆ ತಕ್ಕ ಉತ್ತರವನ್ನು ಕೊಡಲು ಪ್ರಯತ್ನಿಸುತ್ತೇವೆ.

೧೮೫೧ರಲ್ಲಿ ಸ್ಥಾಪಿತವಾದ, ಮದರಾಸಿನ ಎಗ್ಮೋರಿನಲ್ಲಿರುವ ಸರ್ಕಾರಿ ವಸ್ತು ಸಂಗ್ರಹಾಲಯವನ್ನು ಅಲ್ಲಿನ ಜನಸಾಮಾನ್ಯರು ಬಹುಕಾಲ ‘ಸೆತ್ತ ಕಾಲೇಜು’ ಎಂದು ಕರೆಯುತ್ತಿದ್ದರು. ಪ್ರಾಣಿಗಳ ತೋಟಕ್ಕೆ ‘ಉಯಿರ್ ಕಾಲೇಜು’ ಎಂದು ಹೆಸರು. ಒಂದು ಸತ್ತವುಗಳ ಕಾಲೇಜು, ಇನ್ನೊಂದು ಜೀವವುಳ್ಳವುಗಳ ಕಾಲೇಜು. ಈ ಮಾತಿನಲ್ಲಿ ಹಾಸ್ಯವಿದ್ದರೂ ಅದರೊಳಗೊಂದು ವಿವೇಕವಿದೆ. ಓದುಬರಹ ತಿಳಿಯದ ಹಳ್ಳಿಯವನೂ ಎರಡನ್ನೂ ಕಾಲೇಜು ಎಂದೇ ಕರೆದನು. ಅಲ್ಲಿ ಸುಮ್ಮನೆ ಸುತ್ತಿ ಬರುವುದಲ್ಲ, ಕಲಿತು ಬರುವುದೆಂಬುದನ್ನು ಅವನು ಬಲ್ಲವನಾಗಿದ್ದನು.

ಇಂದು ನಮ್ಮ ಅನೇಕ ಕುಟುಂಬಗಳ ಮಕ್ಕಳು ಉದ್ಯೋಗಕ್ಕಾಗಿ ಅಮೆರಿಕೆಯ ಪಶ್ಚಿಮ ತೀರಕ್ಕೆ ಹೋಗಿ ನೆಲೆಸಿರುವರು. ಅವರನ್ನು ನೋಡಲು ಹೋದ ತಂದೆತಾಯಿಗಳು ಲಾಸ್ ಏಂಜಲೀಸ್ ನಗರದ ಸಂಗ್ರಹಾಲಯಗಳನ್ನು ಕಂಡು ಬಂದು ಬಹಳವಾಗಿ ಹೊಗಳುತ್ತಾರೆ. ಹೊಗಳತಕ್ಕದ್ದೇ ಸರಿ. ಆ ನಗರದ ನಡುವೆ ಲಾ ಬ್ರಿಯಾ ಎಂಬಲ್ಲಿ ನೆಲದಿಂದ ಡಾಂಬರು ತಾನಾಗಿಯೇ ಉಕ್ಕಿ ಬರುವ ಹೊಂಡಗಳಿವೆ. ಸಾವಿರಾರು ವರ್ಷಗಳ ಹಿಂದೆ ಅವುಗಳಲ್ಲಿ ಸಿಕ್ಕಿಬಿದ್ದ ಮಹಾಗಜಗಳು, ಕತ್ತಿಯಂಥ ಕೋರೆಯ ಬೆಕ್ಕಿನ ಕುಲದ ಮೃಗಗಳು, ತೋಳಗಳು, ಇವುಗಳ ಎಲುಬುಗಳನ್ನು ಅಗೆದು ತೆಗೆದು, ಅದೇ ಹೊಂಡಗಳ ದಡದಲ್ಲಿ ೧೯೭೭ರಲ್ಲಿ ಒಂದು ಸಂಗ್ರಹಾಲಯವನ್ನು ತೆರೆದಿರುವರು. ಪಂಡಿತರು ಎಲುಬುಗಳನ್ನು ತೊಳೆದು ಶುಚಿಮಾಡುವುದನ್ನು ಜನರು ಗಾಜಿನ ಆಚೆಯಿಂದ ನೋಡಬಹುದು. ವಸ್ತು ಹುಟ್ಟಿದ ನೆಲದಲ್ಲಿಯೇ ವಸ್ತುವನ್ನು ಇಟ್ಟಿರುವುದು ಅದರ ಹಿರಿಮೆ. ಹೊರಗೆ ಹೊಂಡ, ಒಳಗೆ ಎಲುಬು. ಎರಡನ್ನೂ ಒಟ್ಟಿಗೆ ಕಂಡ ಮಗುವಿಗೆ ಬೇರೆ ವ್ಯಾಖ್ಯಾನ ಬೇಡ.

ಇಷ್ಟು ದೂರದ ಊರಿನ ಮಾತನ್ನು ತೆಗೆದುದಕ್ಕೆ ಕಾರಣವಿದೆ. ನಮ್ಮ ಕೊಯಮತ್ತೂರಿನ ಸಂಗ್ರಹಾಲಯಗಳಿಗೂ ಇದೇ ಗುಣವಿದೆ. ಇವು ರಾಜರು ಕೂಡಿಟ್ಟ ಭಂಡಾರಗಳಲ್ಲ, ಪರದೇಶದಿಂದ ಕೊಂಡು ತಂದ ವಿಚಿತ್ರ ವಸ್ತುಗಳ ಸಾಲುಗಳೂ ಅಲ್ಲ. ಕಾಡು, ಹೊಲ, ಕಮ್ಮಟ, ಮಗ್ಗ ಎಂಬ ಈ ಸೀಮೆಯ ನಾಲ್ಕು ದುಡಿಮೆಗಳಿಂದ ಹುಟ್ಟಿದ ನಾಲ್ಕು ಬಗೆಯ ಶಾಲೆಗಳು ಇವು. ಇವುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಕಾಡಿನದು. ನಗರದ ಕೌಲಿ ಬ್ರೌನ್ ರಸ್ತೆಯಲ್ಲಿ, ಅರಣ್ಯ ತಳಿಶಾಸ್ತ್ರ ಸಂಸ್ಥೆಯ ಆವರಣದಲ್ಲಿ ಗ್ಯಾಸ್ ಅರಣ್ಯ ಸಂಗ್ರಹಾಲಯವಿದೆ. ಹೆಸರನ್ನು ಕೇಳಿ ಅಡುಗೆಯ ಗ್ಯಾಸೆಂದು ನಗುವ ಮಕ್ಕಳುಂಟು. ಅದು ಹೊರೇಸ್ ಆರ್ಚಿಬಾಲ್ಡ್ ಗ್ಯಾಸ್ ಎಂಬ ಅರಣ್ಯಾಧಿಕಾರಿಯ ಹೆಸರು. ಅವರು ಸಂಗ್ರಹಿಸಿ ರೂಪಿಸಿದ ಈ ಶಾಲೆಯನ್ನು ೧೯೦೨ರಲ್ಲಿ ಮದರಾಸಿನ ಗವರ್ನರ್ ಲಾರ್ಡ್ ಆಂಪ್ಟ್‌ಹಿಲ್ ಅವರು ತೆರೆದರು. ಸುತ್ತಲೂ ಆನೆಮಲೆ, ನೀಲಗಿರಿಗಳು; ಆ ಕಾಡುಗಳ ತೇಗವು ಮುಂಬಯಿಯ ಹಡಗುಕಟ್ಟೆಗೂ ಬಳಿಕ ರೈಲುದಾರಿಗಳಿಗೂ ಹೋಗುತ್ತಿದ್ದ ಕಾಲವೊಂದಿತ್ತು. ಕಡಿದು ಕಡಿದು ಕಾಡು ಬರಿದಾಗತೊಡಗಿದಾಗ, ಕಾಡನ್ನು ಬೆಳೆಸಬಲ್ಲ ಜನರನ್ನು ತಯಾರಿಸಬೇಕಾಯಿತು. ೧೯೧೨ರಲ್ಲಿ ಇಲ್ಲಿಯೇ ಅರಣ್ಯ ಕಾಲೇಜು ಆರಂಭವಾಯಿತು. ಆನೆಮಲೆಯ ಟಾಪ್ ಸ್ಲಿಪ್ ಬಳಿ ತೇಗದ ಕಾಡನ್ನು ಮರಳಿ ಬೆಳೆಸಿದ ಹ್ಯೂಗೋ ವುಡ್ ಎಂಬ ಅಧಿಕಾರಿ ೧೯೩೩ರಲ್ಲಿ ತೀರಿಕೊಂಡರು; ಅವರ ಸಮಾಧಿ ಆ ಮರಗಳ ನಡುವೆಯೇ ಇದೆ.

ಸಂಗ್ರಹಾಲಯದಲ್ಲಿ ಆನೆಯ ಅಸ್ಥಿಪಂಜರ, ಕಾಡುಕೋಣ, ಕೊಂಬುಗಳು, ಹಾವುಗಳು ಮೊದಲಾದುವು ಇವೆ. ಮಕ್ಕಳು ಸಹಜವಾಗಿಯೇ ಅವುಗಳ ಮುಂದೆ ನಿಂತುಬಿಡುತ್ತಾರೆ. ಆದರೆ ಅಡ್ಡಲಾಗಿ ಕೊಯ್ದ ಮರದ ತುಂಡುಗಳ ಮುಂದೆಯೂ ಅವರನ್ನು ನಿಲ್ಲಿಸಬೇಕೆಂದು ಉಪಾಧ್ಯಾಯರಲ್ಲಿ ನಮ್ಮ ಬಿನ್ನಹ. ಮರವು ಬೆಳೆದಂತೆ ಅದರೊಳಗೆ ಸುತ್ತುಗಳು ಮೂಡುತ್ತವೆ; ತೇಗದಂಥ ಮರದಲ್ಲಿ ಅವನ್ನು ವರ್ಷಕ್ಕೊಂದರಂತೆ ಎಣಿಸಬಹುದು. ಮಳೆ ಚೆನ್ನಾಗಿ ಬಂದ ವರ್ಷ ಸುತ್ತು ಅಗಲ, ಬರಗಾಲದ ವರ್ಷ ಕಿರಿದು. ಹೊರಗಿನ ತೊಗಟೆಯಿಂದ ಒಳಕ್ಕೆ ಎಣಿಸುತ್ತ ಹೋಗಿ, ಇದು ನಾನು ಹುಟ್ಟಿದ ವರ್ಷದಷ್ಟು ಹಿಂದಿನದು, ಇದು ನಮ್ಮ ತಾತನು ಹುಟ್ಟಿದ ವರ್ಷದಷ್ಟು ಹಿಂದಿನದು ಎಂದು ಮಗು ಬೆರಳಿಟ್ಟು ತೋರಿಸಲಿ. ಒಂದು ಗಂಟೆಯ ಚರಿತ್ರೆಯ ಪಾಠವು ಮಾಡಲಾರದುದನ್ನು ಆ ಮರದ ತುಂಡು ಮಾಡೀತು.

ಎರಡನೆಯದು ಹೊಲದ ಶಾಲೆ. ಮದರಾಸಿನ ಸೈದಾಪೇಟೆಯಲ್ಲಿದ್ದ ಬೇಸಾಯದ ಶಾಲೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಯಮತ್ತೂರಿಗೆ ಬಂದು ಕಾಲೇಜಾಗಿ, ೧೯೭೧ರಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವಾಯಿತು. ಅದರ ಆವರಣದಲ್ಲಿ ೨೦೧೮ರಲ್ಲಿ ಕೀಟಗಳಿಗಾಗಿಯೇ ಒಂದು ವಿಶಾಲವಾದ ಸಂಗ್ರಹಾಲಯವನ್ನು ತೆರೆದಿರುವರು. ಚಿಟ್ಟೆ, ದುಂಬಿ, ಜೇನು, ಗೆದ್ದಲು, ರೇಷ್ಮೆಹುಳು, ಮಿಡತೆ ಇವೆಲ್ಲ ಅಲ್ಲಿ ಸಾಲುಸಾಲಾಗಿ ಇವೆ. ಬೆಳೆಯನ್ನು ತಿನ್ನುವ ಹುಳು ಯಾವುದು, ಆ ಹುಳುವನ್ನು ತಿಂದು ರೈತನನ್ನು ಕಾಯುವ ಹುಳು ಯಾವುದು ಎಂಬುದನ್ನು ಅಲ್ಲಿ ತಿಳಿಯಬಹುದು. ಹುಳುವೆಂದರೆ ಚಪ್ಪಲಿಯಿಂದ ಹೊಡೆಯತಕ್ಕ ವಸ್ತುವೆಂದು ನಂಬಿದ ಮಗು ಅಲ್ಲಿಂದ ಬೇರೆಯ ಕಣ್ಣಿನಿಂದ ಹೊರಗೆ ಬರುವುದು.

ಅಲ್ಲಿಗೆ ಹೋದವರು ಇನ್ನೊಂದು ಸಂಗತಿಯನ್ನು ನೆನೆಯಬೇಕು. ೧೯೧೨ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಸಂಶೋಧನೆಗಾಗಿ ಒಂದು ಸಂಸ್ಥೆ ಹುಟ್ಟಿತು. ಬಾರ್ಬರ್ ಅವರೂ ಬಳಿಕ ಟಿ. ಎಸ್. ವೆಂಕಟರಾಮನ್ ಅವರೂ ನಾಡಕಬ್ಬನ್ನು ಕಾಡುಕಬ್ಬಿನೊಡನೆ ಕೂಡಿಸಿ ಹೊಸ ತಳಿಯನ್ನು ಪಡೆದರು. ‘ಕೋ ೨೦೫’ ಎಂಬ ಆ ತಳಿ ೧೯೧೮ರಲ್ಲಿ ರೈತರ ಕೈ ಸೇರಿತು. ಆ ‘ಕೋ’ ಎಂಬ ಅಕ್ಷರವು ಬೇರೇನೂ ಅಲ್ಲ, ಕೊಯಮತ್ತೂರಿನ ಮೊದಲಕ್ಷರ. ಉತ್ತರ ಹಿಂದೂಸ್ಥಾನದ ರೈತನ ಹೊಲದಲ್ಲಿಯೂ ಮಂಡ್ಯದ ಗದ್ದೆಯಲ್ಲಿಯೂ ಈ ಅಕ್ಷರವನ್ನು ಹೊತ್ತ ಕಬ್ಬುಗಳು ಬೆಳೆದಿವೆ. ನಾವು ಕುಡಿಯುವ ಕಾಫಿಯ ಸಕ್ಕರೆಯಲ್ಲಿ ನಮ್ಮ ಊರಿನ ಹೆಸರು ಕರಗಿದೆಯೆಂಬುದು ಎಷ್ಟು ಮಂದಿಗೆ ತಿಳಿದಿದೆ?

ಮೂರನೆಯದು ಕಮ್ಮಟದ ಶಾಲೆ. ಅವಿನಾಶಿ ರಸ್ತೆಯಲ್ಲಿ ಜಿ. ಡಿ. ನಾಯ್ಡು ಅವರ ಹೆಸರಿನ ಸಂಗ್ರಹಾಲಯವಿದೆ. ೧೮೯೩ರಲ್ಲಿ ಕಲಂಗಲ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಅವರು ಶಾಲೆಯ ಓದನ್ನು ಮುಂದುವರಿಸಲಿಲ್ಲ. ಬಾಲ್ಯದಲ್ಲಿ ಒಬ್ಬ ಆಂಗ್ಲ ಅಧಿಕಾರಿಯ ಮೋಟಾರು ಸೈಕಲ್ಲನ್ನು ಕಂಡು ಬೆರಗಾದರು. ಹೋಟೆಲಿನಲ್ಲಿ ದುಡಿದು ಹಣ ಕೂಡಿಸಿ ಅಂಥದೊಂದನ್ನು ಕೊಂಡು, ಬಿಚ್ಚಿ ಬಿಡಿಬಿಡಿಯಾಗಿ ಮಾಡಿ, ಮತ್ತೆ ಜೋಡಿಸಿ ಅದರ ಗುಟ್ಟನ್ನು ಅರಿತರು. ೧೯೨೦ರಲ್ಲಿ ಪೊಳ್ಳಾಚಿಗೂ ಪಳನಿಗೂ ನಡುವೆ ಒಂದೇ ಒಂದು ಬಸ್ಸನ್ನು ಓಡಿಸಲು ಆರಂಭಿಸಿದವರು ಮುಂದೆ ದೊಡ್ಡ ಸಾರಿಗೆ ಸಂಸ್ಥೆಯನ್ನೇ ಕಟ್ಟಿದರು. ೧೯೩೭ರಲ್ಲಿ ಭಾರತದಲ್ಲಿಯೇ ತಯಾರಾದ ಮೊದಲನೆಯ ವಿದ್ಯುತ್ ಮೋಟಾರು ಅವರ ಮತ್ತು ಬಾಲಸುಂದರಂ ನಾಯ್ಡು ಅವರ ಪ್ರಯತ್ನದಿಂದ ಇಲ್ಲಿ ಹೊರಬಂದಿತು. ೧೯೭೪ರಲ್ಲಿ ಅವರು ಕಾಲವಾದರು. ಅವರು ಕೂಡಿಸಿದ ಯಂತ್ರಗಳು, ರೇಡಿಯೋಗಳು, ಕ್ಯಾಮೆರಾಗಳು, ಗಡಿಯಾರಗಳು ಅಲ್ಲಿವೆ. ಅದೇ ಸಂಸ್ಥೆಯವರು ೨೦೧೫ರಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವನ್ನೂ ತೆರೆದಿರುವರು. ಮೂರು ಗಾಲಿಯ ಮೊದಲ ಬೆಂಜ್ ವಾಹನದ ಮಾದರಿಯಿಂದ ಹಿಡಿದು ನಮ್ಮ ತಂದೆತಾತಂದಿರು ಕಂಡ ಕಾರುಗಳವರೆಗೆ ಅಲ್ಲಿ ನೋಡಬಹುದು. ಬಾವಿಗೆ ಪಂಪು, ಹಿಟ್ಟಿಗೆ ಗ್ರೈಂಡರು, ಗಿರಣಿಗೆ ಯಂತ್ರದ ಭಾಗ ಇವೆಲ್ಲ ಕೊಯಮತ್ತೂರಿನ ಹೆಸರಿನಲ್ಲಿ ಏಕೆ ಮಾರಾಟವಾಗುತ್ತವೆ ಎಂಬುದಕ್ಕೆ ಉತ್ತರವು ಇಲ್ಲಿ ದೊರೆಯುವುದು.

ನಾಲ್ಕನೆಯದು ಮಗ್ಗದ ಶಾಲೆ. ನಮ್ಮ ಸಭಿಕರಲ್ಲಿ ಬಹುಮಂದಿಗೆ ಹತ್ತಿರವಾದುದು. ೧೮೮೮ರಲ್ಲಿ ಇಲ್ಲಿ ಮೊದಲನೆಯ ನೂಲಿನ ಗಿರಣಿ ಆರಂಭವಾಯಿತು. ೧೯೩೨ರಲ್ಲಿ ಪೈಕಾರಾ ನದಿಯ ವಿದ್ಯುಚ್ಛಕ್ತಿ ಬೆಟ್ಟದಿಂದ ಇಳಿದ ಬಳಿಕ ಗಿರಣಿಗಳು ಒಂದರ ಹಿಂದೊಂದು ಎದ್ದುವು. ಸುತ್ತಲ ಕರಿಮಣ್ಣಿನ ಹತ್ತಿ, ಬೆಟ್ಟದ ವಿದ್ಯುತ್ತು, ತಲೆಮಾರುಗಳಿಂದ ನೇಯುತ್ತಿದ್ದ ಕೈಗಳು, ಈ ಮೂರೂ ಕೂಡಿದುವು. ೧೯೫೬ರಲ್ಲಿ ಗಿರಣಿಗಳ ಸಂಶೋಧನೆಗಾಗಿ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘವು ಹುಟ್ಟಿದಾಗ ಅದರ ನಿರ್ದೇಶಕರಾಗಿದ್ದ ಕಸ್ತೂರಿ ಶ್ರೀನಿವಾಸನ್ ಅವರು ಜವಳಿ ವಿಜ್ಞಾನಿಗಳು, ಕಾದಂಬರಿಕಾರರು, ಚಿತ್ರಕಲಾಪ್ರಿಯರು. ಅವರು ಕಟ್ಟಿದ ಕಲಾಮಂದಿರವೂ ಜವಳಿ ಸಂಗ್ರಹಾಲಯವೂ ಅವಿನಾಶಿ ರಸ್ತೆಯಲ್ಲಿಯೇ ಇವೆ. ನೂಲುವ, ನೇಯುವ ಸಾಧನಗಳು ಕೈಯಿಂದ ಯಂತ್ರಕ್ಕೆ ಬಂದ ಬಗೆಯನ್ನು ಅಲ್ಲಿ ಕಾಣಬಹುದು.

ಇದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ತಿರುಪ್ಪೂರು. ಖಾದಿಯ ಕಾಲದಲ್ಲಿ ಅದು ಕೈನೂಲಿನ ದೊಡ್ಡ ಕೇಂದ್ರ. ಈಗ ಬನಿಯನ್ ಉಡುಪುಗಳ ನಗರ. ಚೆನ್ನಿಮಲೆಯ ನೇಕಾರ ಕುಟುಂಬದಲ್ಲಿ ೧೯೦೪ರಲ್ಲಿ ಹುಟ್ಟಿದ ಕುಮಾರನ್ ೧೯೩೨ರ ಜನವರಿಯಲ್ಲಿ ತಿರುಪ್ಪೂರಿನ ಬೀದಿಯಲ್ಲಿ ಪೊಲೀಸರ ಲಾಠಿಯೇಟಿಗೆ ಸಿಕ್ಕಿಯೂ ಧ್ವಜವನ್ನು ಕೈಬಿಡದೆ ಪ್ರಾಣ ಕೊಟ್ಟನು. ಅವನ ಸ್ಮಾರಕವನ್ನು ಕಂಡು ಬರುವುದು ನಮ್ಮ ಮಕ್ಕಳ ಕರ್ತವ್ಯವೆಂದು ಬಗೆಯುತ್ತೇವೆ.

ಇಷ್ಟು ಇರುವುದರ ಮಾತಾಯಿತು. ಇನ್ನು ಕೈಬಿಟ್ಟು ಹೋದುದರ ಮಾತು.

ನೊಯ್ಯಲ್ ನದಿಯ ದಡದಲ್ಲಿ, ಈಗ ಈರೋಡು ಜಿಲ್ಲೆಗೆ ಸೇರಿದ ಕೊಡುಮಣಲ್ ಎಂಬ ಹಳ್ಳಿಯಿದೆ. ೧೯೮೫ರಿಂದ ಅಲ್ಲಿ ನಡೆದ ಉತ್ಖನನಗಳಲ್ಲಿ, ಎರಡು ಸಾವಿರ ವರ್ಷಗಳಿಗಿಂತಲೂ ಹಿಂದೆ ಅಲ್ಲಿ ಕಬ್ಬಿಣವನ್ನು ಕರಗಿಸುತ್ತಿದ್ದ ಕುಲುಮೆಗಳೂ, ಬಣ್ಣದ ಕಲ್ಲುಗಳನ್ನು ಕೊರೆದು ಮಣಿ ಮಾಡುತ್ತಿದ್ದ ಕಮ್ಮಟಗಳೂ, ಹೆಸರುಗಳನ್ನು ಕೊರೆದ ಮಡಕೆಯ ಚೂರುಗಳೂ ಸಿಕ್ಕಿದುವು. ನೂಲು ತೆಗೆಯುವ ಕದಿರಿಗೆ ಹಾಕುವ ಮಣ್ಣಿನ ಬಿಲ್ಲೆಗಳೂ ದೊರೆತುವು. ನಗರಕ್ಕೆ ಸಮೀಪದ ವೆಳ್ಳಲೂರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ರೋಮನ್ ಚಕ್ರವರ್ತಿಗಳ ಮುದ್ರೆಯುಳ್ಳ ಬೆಳ್ಳಿಯ ನಾಣ್ಯಗಳು ನೂರಾರು ಸಿಕ್ಕಿದುವು. ಆದರೆ ಇಂಥ ನಿಧಿಗಳು ಸಿಕ್ಕಿದ ನೆಲದಲ್ಲಿ ಉಳಿಯುವುದು ಅಪರೂಪ. ದೂರದ ದೊಡ್ಡ ನಗರಗಳ ಸಂಗ್ರಹಾಲಯಗಳಿಗೆ ಸೇರಿ, ಊರಿಗೆ ಬರಿಯ ಹೆಸರು ಉಳಿಯುತ್ತದೆ.

ಇನ್ನೊಂದು ಊರು ಹೆಸರಿನೊಡನೆಯೇ ಮುಳುಗಿತು. ಭವಾನಿ ನದಿಯೂ ಮೋಯಾರೂ ಕೂಡುವ ಎಡೆಯಲ್ಲಿ ದಣ್ಣಾಯಕನ ಕೋಟೆಯೆಂಬ ಹಳೆಯ ಸ್ಥಳವಿತ್ತು. ಹೊಯ್ಸಳರ ದಂಡನಾಯಕರ ಹೆಸರನ್ನು ಹೊತ್ತ ಕೋಟೆ ಅದು. ಮೈಸೂರಿನಿಂದ ಗಜ್ಜಲಹಟ್ಟಿ ಕಣಿವೆಯನ್ನು ಇಳಿದು ಬರುವ ದಾರಿಗೆ ಅದು ಬಾಗಿಲಿನಂತಿತ್ತು. ೧೯೫೦ರ ದಶಕದಲ್ಲಿ ಭವಾನಿಸಾಗರದ ಅಣೆಕಟ್ಟು ಮುಗಿದಾಗ ಆ ಸ್ಥಳ ನೀರಿನ ಕೆಳಗೆ ಹೋಯಿತು. ನೀರು ತೀರ ಇಳಿದ ವರ್ಷಗಳಲ್ಲಿ ಹಳೆಯ ಗುಡಿಯು ಹೊರಗೆ ಕಾಣುವುದುಂಟು. ಅಣೆಕಟ್ಟಿನಿಂದ ಸಾವಿರಾರು ಎಕರೆಗೆ ನೀರು ಬಂದಿತು. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಮುಳುಗುವುದಕ್ಕೆ ಮುಂಚೆ ಬರೆದಿಟ್ಟುದು ಮಾತ್ರ ಉಳಿಯುತ್ತದೆ ಎಂಬ ಪಾಠವನ್ನು ಅಲ್ಲಿಂದ ಕಲಿಯಬೇಕು.

ಈಗ ನಮ್ಮ ಮುಖ್ಯವಾದ ಮಾತಿಗೆ ಬಂದೆವು. ಈ ಎರಡು ಜಿಲ್ಲೆಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದವರು ಯಾರು? ಹಲವು ತಲೆಮಾರುಗಳ ಹಿಂದೆ ಬಂದು ನೆಲೆಸಿದ ದೇವಾಂಗ ನೇಕಾರರು, ಕಾರಮಡೆ ಮೊದಲಾದ ಕಡೆಗಳ ಒಕ್ಕಲಿಗರು, ಇನ್ನೂ ಹಲವರು. ಚೌಡೇಶ್ವರಿಯ ಉತ್ಸವದಲ್ಲಿ ಕತ್ತಿ ಹಿಡಿದು ಬರುವ ತರುಣರ ಮನೆಗಳಲ್ಲಿ ಅಜ್ಜಿ ಮೊಮ್ಮಗುವನ್ನು ಬಯ್ಯುವುದು ಕನ್ನಡದಲ್ಲಿ. ಸಿರುಮುಗೆಯಂಥ ಊರುಗಳಲ್ಲಿ ಸೀರೆ ನೇಯುವ ನೇಕಾರನು ಮಗ್ಗದ ಮೇಲೆ ಆಡುವುದು ಕನ್ನಡದಲ್ಲಿ. ಆ ಕನ್ನಡಕ್ಕೆ ಪುಸ್ತಕವಿಲ್ಲ. ಮಗ್ಗವೇ ಅದರ ಪುಸ್ತಕ.

ಸಂಗ್ರಹಾಲಯವು ಮಗ್ಗವನ್ನು ಉಳಿಸುತ್ತದೆ. ಮಗ್ಗದ ಮಾತನ್ನು ಯಾರು ಉಳಿಸುವರು? ಫಲಕಗಳು ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಇರುವುದು ಈ ನಾಡಿನಲ್ಲಿ ಸಹಜವೇ. ಅದಕ್ಕಾಗಿ ನಾವು ಯಾರ ಮೇಲೂ ದೂರು ಹೇಳತಕ್ಕದ್ದಿಲ್ಲ. ತಮಿಳಿನ ನೇಕಾರನು ಉದ್ದನೆಯ ಎಳೆಗಳನ್ನು ‘ಪಾವು’ ಎನ್ನುವನು. ನಾವು ‘ಹಾಸು’ ಎನ್ನುವೆವು, ಹಳಗನ್ನಡದಲ್ಲಿ ಅದು ‘ಪಾಸು’. ಅಡ್ಡ ಎಳೆಗೆ ಅವನದು ‘ಊಡೈ’, ನಮ್ಮದು ‘ಹೊಕ್ಕು’. ಅವನ ‘ನಾಡಾ’ ನಮಗೆ ‘ಲಾಳಿ’. ಎರಡು ನುಡಿಗಳೂ ಒಂದೇ ಗುಂಡಿಮಗ್ಗದಲ್ಲಿ ಅಕ್ಕಪಕ್ಕ ಕುಳಿತು ನೇಯ್ದಿವೆ. ಹಾಸು, ಹೊಕ್ಕು, ಲಾಳಿ, ಕಂಡಿಕೆ, ಹಣಿಗೆ, ರಾಟೆ, ಕದಿರು, ಗಂಜಿ, ಅಂಚು, ಸೆರಗು ಎಂಬ ಪದಗಳನ್ನು ನಮ್ಮ ಹತ್ತನೆಯ ತರಗತಿಯ ಎಷ್ಟು ಮಕ್ಕಳು ವಸ್ತುವನ್ನು ತೋರಿಸಿ ಹೇಳಬಲ್ಲರು? ‘ಹಾಸುಹೊಕ್ಕು’ ಎಂಬ ಮಾತನ್ನು ಪ್ರಬಂಧದಲ್ಲಿ ಅಂದವಾಗಿ ಬರೆಯುವ ಮಗುವಿಗೆ ಹಾಸು ಯಾವುದು ಹೊಕ್ಕು ಯಾವುದು ಎಂಬುದು ತಿಳಿಯದೆ ಹೋದರೆ, ಆ ಮಾತು ಅಷ್ಟರ ಮಟ್ಟಿಗೆ ಸತ್ತಂತೆಯೇ.

ಗುಂಡಿಮಗ್ಗವಿದ್ದ ಮನೆಗಳಲ್ಲಿ ಗುಂಡಿಗಳನ್ನು ಮುಚ್ಚಿ ನೆಲ ಹಾಸಿರುವರು. ಮಗ್ಗದ ಮರ ಒಲೆಗೆ ಹೋಗಿದೆ, ಇಲ್ಲವೇ ಹಿತ್ತಿಲಲ್ಲಿ ಬಿದ್ದಿದೆ. ನೇಯ್ಗೆಯನ್ನು ಬಿಟ್ಟ ತಂದೆಯು ಮಗನನ್ನು ಓದಿಸಿ ಒಳ್ಳೆಯ ಕೆಲಸಕ್ಕೆ ಸೇರಿಸಿರುವನು. ಅದು ಸಂತೋಷದ ಸಂಗತಿ. ಬಡತನವನ್ನು ಸಂಗ್ರಹಾಲಯದಲ್ಲಿಟ್ಟು ಪೂಜಿಸಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಆ ಮಗ್ಗದಲ್ಲಿ ಕುಳಿತು ನೇಯ್ದ ಅಜ್ಜಂದಿರು, ನೂಲು ಸುತ್ತಿದ ಅಜ್ಜಿಯರು ಇನ್ನೂ ಕೆಲವರು ನಮ್ಮ ನಡುವೆ ಇರುವರು. ಅವರು ಇರುವವರೆಗೆ ಮಾತ್ರ ಕೇಳಬಹುದು. ಅನಂತರ ಎಷ್ಟು ಹಣ ಚೆಲ್ಲಿದರೂ ಆ ಒಂದು ಪದ ಸಿಕ್ಕದು.

ಇದಕ್ಕೆ ದೊಡ್ಡ ಕಟ್ಟಡವಾಗಲಿ ಸರ್ಕಾರದ ಧನಸಹಾಯವಾಗಲಿ ಮೊದಲಿಗೆ ಬೇಕಾಗಿಲ್ಲ. ಕರ್ನಾಟಕದಲ್ಲಿ ಎಚ್. ಎಲ್. ನಾಗೇಗೌಡರು ಸರ್ಕಾರಿ ಅಧಿಕಾರಿಯಾಗಿದ್ದು ಜಾನಪದದ ಹಂಬಲದಿಂದ ಹಳ್ಳಿಹಳ್ಳಿಗಳ ಹಾಡು, ಕಥೆ, ಪಾತ್ರೆ, ನೇಗಿಲು, ಗೊಂಬೆಗಳನ್ನು ಕೂಡಿಸಿದರು. ಅದರ ಫಲವಾಗಿ ರಾಮನಗರದ ಬಳಿ ೧೯೯೪ರಲ್ಲಿ ಜಾನಪದ ಲೋಕವು ತೆರೆಯಿತು. ಬೆಂಗಳೂರಿಗೆ ಹೋಗುವ ನಮ್ಮವರು ಅದನ್ನು ತಪ್ಪದೆ ನೋಡಬೇಕು. ಅಷ್ಟು ದೊಡ್ಡದನ್ನು ನಾವು ಮಾಡಲಾರೆವಾದರೂ ಶಾಲೆಯಲ್ಲಿ ಗಾಜಿನ ಬಾಗಿಲಿನ ಒಂದು ಬೀರುವನ್ನು ಇಡಬಲ್ಲೆವು.

ಆದುದರಿಂದ ಸಂಘದ ಮುಂದೆ ಮೂರು ಸಲಹೆಗಳನ್ನು ಇಡುತ್ತೇವೆ. ಮೊದಲನೆಯದು: ವರ್ಷಕ್ಕೆ ನಾಲ್ಕು ಬಾರಿ, ಒಂದು ಬಾರಿಗೆ ಒಂದೇ ಸಂಗ್ರಹಾಲಯದಂತೆ, ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಕರೆದೊಯ್ಯತಕ್ಕದ್ದು. ಒಂದೇ ದಿನ ನಾಲ್ಕನ್ನೂ ಓಡಿ ನೋಡಿದರೆ ಬಸ್ಸಿನ ನೆನಪು ಮಾತ್ರ ಉಳಿಯುವುದು. ಪ್ರತಿಯೊಂದು ಮಗುವೂ ಒಂದು ವಸ್ತುವನ್ನು ಆರಿಸಿ, ಅದರ ಮುಂದೆ ಹತ್ತು ನಿಮಿಷ ನಿಂತು, ಇದನ್ನು ಯಾರು ಮಾಡಿದರು, ಯಾವುದರಿಂದ ಮಾಡಿದರು, ಏತಕ್ಕೆ ಮಾಡಿದರು, ಈಗ ಅದರ ಬದಲಿಗೆ ಏನಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಬರೆಯಲಿ. ಎರಡನೆಯದು: ಮನೆಗೆ ಹಿಂದಿರುಗಿ, ಆ ವಸ್ತುವಿಗೆ ನಮ್ಮ ಮನೆಮಾತಿನಲ್ಲಿ ಏನೆನ್ನುತ್ತಾರೆಂದು ಹಿರಿಯರನ್ನು ಕೇಳಿ, ಅವರು ಹೇಳಿದ ಪದವನ್ನು ತಿದ್ದದೆ, ಹೇಳಿದ ಹಾಗೆಯೇ ಬರೆದುಕೊಳ್ಳಲಿ. ಪುಸ್ತಕದ ಪದ ಬೇರೆ ಇದ್ದರೆ ಅದನ್ನು ಪಕ್ಕದಲ್ಲಿ ಬರೆಯಲಿ. ಮೂರನೆಯದು: ಹಿತ್ತಿಲಲ್ಲಿ ಬಿದ್ದಿರುವ ಒಂದು ಲಾಳಿ, ಒಂದು ಹಣಿಗೆ, ಒಂದು ರಾಟೆ ಇದ್ದವರು ಅದನ್ನು ಒರೆಸಿ ಶಾಲೆಗೆ ಕೊಡಲಿ. ಕೊಟ್ಟವರ ಮನೆಯ ಹೆಸರು, ಊರು, ಬಳಸಿದವರ ಹೆಸರು, ವಸ್ತುವಿನ ಕನ್ನಡ ಪದ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅದರೊಡನೆ ಇಡೋಣ. ಚೀಟಿಯಿಲ್ಲದ ವಸ್ತು ಬರಿಯ ಮರದ ತುಂಡು, ಚೀಟಿಯುಳ್ಳದ್ದು ಸಾಕ್ಷಿ.

ಪರೀಕ್ಷೆಯ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇವೆ. ಹೀಗೆ ನೋಡಿ, ಕೇಳಿ, ಬರೆದ ಮಗುವು ವಿಜ್ಞಾನದಲ್ಲಿ ಕೀಟವನ್ನೂ, ಚರಿತ್ರೆಯಲ್ಲಿ ಕೊಡುಮಣಲನ್ನೂ, ಭಾಷೆಯಲ್ಲಿ ಹಾಸುಹೊಕ್ಕನ್ನೂ ಬಾಯಿಪಾಠವಿಲ್ಲದೆ ಬರೆಯಬಲ್ಲದು. ಅಂಕಗಳು ಬರುವುದಾದರೆ ಬರಲಿ. ಅದಕ್ಕಿಂತ ಹೆಚ್ಚಿನದೊಂದು ಲಾಭವಿದೆ. ತಮಿಳುನಾಡಿನಲ್ಲಿ ಹುಟ್ಟಿ ಕನ್ನಡದಲ್ಲಿ ಓದುವ ಮಗುವನ್ನು, ನೀನು ಇಲ್ಲಿಯವನೋ ಅಲ್ಲಿಯವನೋ ಎಂದು ಯಾರಾದರೂ ಕೇಳುವುದುಂಟು. ಆಗ ಆ ಮಗುವು ಸಂಕೋಚವಿಲ್ಲದೆ, ಈ ಊರಿನ ಮಗ್ಗದಲ್ಲಿ ನಮ್ಮ ಹಾಸೂ ಇದೆ, ಇವರ ಹೊಕ್ಕೂ ಇದೆ, ನಾವು ಇಲ್ಲಿಯವರೇ ಎಂದು ಬೀರುವಿನೊಳಗಿನ ಲಾಳಿಯನ್ನು ತೋರಿಸಿ ಹೇಳಬಲ್ಲದು.

ಈ ಸಭೆಯಲ್ಲಿ ಕುಳಿತಿರುವ ಹಿರಿಯರಲ್ಲಿ ಒಂದು ಪ್ರಾರ್ಥನೆ. ಮೊಮ್ಮಕ್ಕಳು ಕೇಳಲು ಬಂದಾಗ, ಅದೆಲ್ಲ ಈಗೇತಕ್ಕೆ ಎಂದು ಕಳುಹಿಸಬೇಡಿ. ಹತ್ತಿರ ಕುಳ್ಳಿರಿಸಿಕೊಂಡು ಹೇಳಿ.